ಕೆರೆಗೆ ಹಾಕಿದ ನೀಲಿ

ಆ ಫೋಟೋ ಅಂಗಡಿಯಲ್ಲಿ ಒಂದು ಮಾತು ನಡೆಯುತ್ತಿತ್ತು: ‘ಹಾಗೇ ಇರ್ಲಿ’ ಅಂದವರ ಫೋಟೋಗೇ ಹೆಚ್ಚು ಕೆಲಸ ಮಾಡಬೇಕು. ಮಾತು ಚಿಕ್ಕಪ್ಪನದು, ಅಂಗಡಿಯೂ ಅವನದೇ. “ಕನ್ನಡಿ ಮುಂದೆ ನಿಂತವರು ಯಾರಾದ್ರೂ ಹಾಗೇ ಇರ್ಲಿ ಅಂತಾರೇನೇ? ಮೊದಲು ಬಾಚಣಿಗೆ ಹುಡುಕ್ತಾರೆ. ಹಾಗೇ ಇರ್ಲಿ ಅನ್ನೋದು ಬರೀ ಬಾಯಿಮಾತು,” ಎಂದು ವಾರಕ್ಕೊಮ್ಮೆಯಾದರೂ ಅವನು ಹೇಳುತ್ತಿದ್ದ. ಹೇಳಿಸಿಕೊಳ್ಳುವವಳು ಗುಬ್ಬಿ. ಅಣ್ಣನ ಮಗಳಿಗೆ ಆ ಹೆಸರಿಟ್ಟವನೂ ಅವನೇ. ಅಂಗಡಿಗೆ ಬಂದ ಹೊಸದರಲ್ಲಿ ಗಿರಾಕಿ ಬಾಗಿಲು ತಳ್ಳಿದರೆ ಸಾಕು, ಅವಳು ಪುರ್ರೆಂದು ಪರದೆಯ ಹಿಂದೆ ಹಾರಿಹೋಗುತ್ತಿದ್ದಳು.

ಪರದೆಯ ಹಿಂದೆ ಒಂದು ಕಂಪ್ಯೂಟರ್, ಒಂದು ದೊಡ್ಡ ಪ್ರಿಂಟರ್, ಒಂದು ಸ್ಟೂಲು, ಕಾಗದದ ಸುರುಳಿಗಳು. ಇದ್ದ ಒಂದೇ ಕಿಟಕಿಯನ್ನು ಚಿಕ್ಕಪ್ಪ ಕಪ್ಪು ರಟ್ಟಿನಿಂದ ಮುಚ್ಚಿಸಿದ್ದ, ಹೊರಗಿನ ಬೆಳಕು ಬಿದ್ದರೆ ಸ್ಕ್ರೀನಿನ ಬಣ್ಣ ಮೋಸ ಮಾಡುತ್ತದೆ ಅಂತ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟ ಗುಬ್ಬಿಗೆ ಈಗ ಇಪ್ಪತ್ತೊಂದು. ಏಳು ವರ್ಷ ಆ ಸ್ಟೂಲಿನ ಮೇಲೆ ಕೂತು ಅವಳು ಕಲಿತದ್ದು ಒಂದು ವಿದ್ಯೆ: ಫೋಟೋ ತೊಳೆಯುವುದು.

ತೊಳೆಯುವುದು ಅಂದರೆ ನೀರಲ್ಲಿ ಅಲ್ಲ. ಊರಿನ ಒಂದು ಬದಿ ಪೂರ್ತಿ ಕೆರೆ. ಬಂದವರೆಲ್ಲ ಅದರ ದಡದಲ್ಲಿ ಕ್ಯಾಮೆರಾ ಹಿಡಿಯುವವರೇ. ಆದರೆ ಕಣ್ಣಿಗೆ ಕಂಡ ಕೆರೆ ಫೋಟೋದಲ್ಲಿ ಬರುವುದಿಲ್ಲ. ನೀರು ಅಕ್ಕಿ ತೊಳೆದ ನೀರಿನಂತೆ, ಆಕಾಶ ಹಳೇ ಬನಿಯನ್ನಿನಂತೆ, ಆಚೆ ದಡ ಮಂಪರು ಹಿಡಿದಂತೆ. ಗುಬ್ಬಿ ಮೊದಲು ದಡದ ಗೆರೆ ನೆಟ್ಟಗೆ ಮಾಡುತ್ತಿದ್ದಳು. ಆಮೇಲೆ ಹಾಲಿನಂಥ ಮಸುಕನ್ನು ತೆಗೆಯುತ್ತಿದ್ದಳು. ಆಮೇಲೆ ನೀರಿಗೆ ಮಾತ್ರ ನೀಲಿ ಎತ್ತುತ್ತಿದ್ದಳು, ಪಕ್ಕದಲ್ಲಿ ನಿಂತವರ ಮುಖಕ್ಕೆ ಒಂದು ಚೂರೂ ತಾಗದ ಹಾಗೆ. ಕೊನೆಗೆ ಶಾರ್ಪ್ ಮಾಡುವುದು. ಅದು ಸಾರಿಗೆ ಉಪ್ಪು ಹಾಕಿದ ಹಾಗೆ. ಕಡಿಮೆಯಾದರೆ ಸಪ್ಪೆ, ಜಾಸ್ತಿಯಾದರೆ ಬೆಟ್ಟದ ಸುತ್ತ ಬಿಳೀ ದಾರ ಹೊಲಿದ ಹಾಗೆ ಕಾಣುತ್ತದೆ. ಗುಬ್ಬಿಯ ಕೈಯಲ್ಲಿ ಉಪ್ಪು ಎಂದೂ ತಪ್ಪಿರಲಿಲ್ಲ. ಜೊಂಡಿನ ಎಲೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.

ಬಾಯಿ ಬಾರದವಳಿಗೆ ಕೈ ಬಂದಿದೆ ಎಂದು ಅಮ್ಮ ಹೇಳುತ್ತಿದ್ದಳು. ಹೊಗಳಿಕೆಯೋ ಬೈಗುಳವೋ, ಗುಬ್ಬಿ ಕೇಳಿರಲಿಲ್ಲ.

ಟೀಚರ್ ಅಂಗಡಿಗೆ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಚಿಕ್ಕಪ್ಪ ಊಟಕ್ಕೆ ಹೋಗಿದ್ದ. ಕೌಂಟರಿನಲ್ಲಿ ಗುಬ್ಬಿ ಒಬ್ಬಳೇ ಇದ್ದಳು, ಹಾರಿಹೋಗಲು ಹೊತ್ತು ಸಿಗಲಿಲ್ಲ.

“ಅಯ್ಯೋ, ಮೂರನೇ ಬೆಂಚು! ನೀನಿಲ್ಲಿದ್ದೀಯೇನಮ್ಮಾ?”

ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ದನಿ ಮಾತ್ರ ಅದೇ, ಹಿಂದಿನ ಬೆಂಚಿಗೂ ಮುಟ್ಟುವ ದನಿ. ಏಳು ವರ್ಷದ ಹಿಂದೆ ಗುಬ್ಬಿಯ ಅಪ್ಪ ತೀರಿಕೊಂಡು ಅವಳು ಶಾಲೆ ಬಿಟ್ಟಾಗ ಈ ಟೀಚರ್ ಎರಡು ಸಲ ಮನೆಗೆ ಬಂದಿದ್ದರು, ವಾಪಸ್ ಕರೆದೊಯ್ಯಲು. ಎರಡು ಸಲವೂ ಗುಬ್ಬಿ ಹಿಂಬಾಗಿಲಿನಿಂದ ಓಡಿ ಪಕ್ಕದ ಮನೆಯ ಸೌದೆ ಕೊಟ್ಟಿಗೆಯಲ್ಲಿ ಕೂತಿದ್ದಳು. ಇವತ್ತು ಅವರು ಅದನ್ನೇನೂ ಎತ್ತಲಿಲ್ಲ. ಕ್ಯಾಮೆರಾದಿಂದ ಉಗುರಿನಷ್ಟಗಲದ ಕಾರ್ಡನ್ನು ತೆಗೆದು ಅವಳ ಮುಂದಿಟ್ಟರು.

“ಒಂದು ವರ್ಷದಿಂದ ತಿಂಗಳಿಗೊಂದು ತೆಗೆದಿದ್ದೀನಿ. ಕೆರೆದು. ಒಂದೇ ಜಾಗ, ಒಂದೇ ಹೊತ್ತು. ಹನ್ನೆರಡಿದೆ. ಗೋಡೆಗೆ ಹಾಕೋ ಹಾಗೆ ದೊಡ್ಡದಾಗಿ ಮಾಡ್ಕೊಡು. ಏನೂ ತಿದ್ದಬೇಡ, ಹಾಗೇ ಇರ್ಲಿ. ಯಾಕೆ ಅಂದ್ರೆ…”

“ಗೊತ್ತಾಯ್ತು, ಟೀಚರ್,” ಎಂದಳು ಗುಬ್ಬಿ.

ಅದು ಅವಳ ಹಳೇ ಅಭ್ಯಾಸ. ತರಗತಿಯಲ್ಲಿಯೂ ಹಾಗೇ. ಗೊತ್ತಾಯ್ತು ಅಂದುಬಿಟ್ಟರೆ ಎದುರಿನವರು ಇನ್ನೊಂದು ಪ್ರಶ್ನೆ ಕೇಳುವುದಿಲ್ಲ, ತಾನು ಇನ್ನೊಂದು ಮಾತಾಡಬೇಕಾಗಿಲ್ಲ. ಟೀಚರ್ ಅರ್ಧಕ್ಕೆ ನಿಂತ ಮಾತನ್ನು ಅಲ್ಲೇ ಬಿಟ್ಟು, “ಜಾಣೆ,” ಎಂದರು. “ಶನಿವಾರ ಹನ್ನೊಂದಕ್ಕೆ ಊರ ಕಚೇರಿಯ ದೊಡ್ಡ ಹಾಲಿನಲ್ಲಿ ಬೇಕು. ಅವತ್ತು ಬೆಳಿಗ್ಗೆ ನನಗೆ ಪುರುಸೊತ್ತಿಲ್ಲ. ನಿಮ್ಮ ಚಿಕ್ಕಪ್ಪನೇ ತಂದು ಗೋಡೆಗೆ ಹಚ್ಚಿದ್ರೆ ಪುಣ್ಯ ಬರುತ್ತೆ.”

ಪ್ರದರ್ಶನ ಇರಬೇಕು ಎಂದುಕೊಂಡಳು ಗುಬ್ಬಿ. ಊರ ಹಾಲಿನ ಗೋಡೆಯಲ್ಲಿ ಹನ್ನೆರಡು ಕೆರೆ. ಅದಕ್ಕೆ ಬಣ್ಣ ಕೊಟ್ಟವಳು ಯಾರು ಅಂತ ಟೀಚರಿಗೆ ಗೊತ್ತಾಗುತ್ತದೆ.

ಫೋಟೋಗಳನ್ನು ತೆರೆದು ನೋಡಿದಾಗ ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಟೀಚರ್ ಕ್ಯಾಮೆರಾ ಹಾಳಾಗಿತ್ತು, ಹಾಗಂತ ಅವಳು ತೀರ್ಮಾನಿಸಿದಳು. ಮೊದಲ ತಿಂಗಳ ನೀರು ಬೂದು. ಮೂರನೇ ತಿಂಗಳಿಂದ ಕಂದು. ಹತ್ತನೆಯದು, ಹನ್ನೊಂದನೆಯದು ತುಕ್ಕು ಹಿಡಿದ ಕೆಂಪು, ದಡದಲ್ಲಿ ನೊರೆ ನೊರೆ. ಬರಬರುತ್ತ ಕ್ಯಾಮೆರಾದ ಕಣ್ಣು ಮಂಜಾಗಿದೆ. ಅಷ್ಟು ಸಾಲದು ಅಂತ ಪ್ರತಿ ಫೋಟೋದ ಎಡಮೂಲೆಯಲ್ಲೂ ನೀರಿನಲ್ಲಿ ಒಂದು ಕೋಲು, ಕೋಲಿಗೆ ಒಂದು ಹಲಗೆ, ಹಲಗೆಗೆ ಬಿಳಿ, ಬೂದು, ಕಪ್ಪು ಅಂತ ಮೂರು ಚೌಕ ಬಳಿದಿತ್ತು. ಯಾರೋ ಏನೋ ನೆಟ್ಟುಹೋಗಿದ್ದಾರೆ, ಪಾಪ ಟೀಚರ್ ಅದನ್ನು ತಪ್ಪಿಸಿ ತೆಗೆಯಲು ಗೊತ್ತಾಗದೆ ವರ್ಷಪೂರ್ತಿ ಅದರ ಜೊತೆಗೇ ತೆಗೆದಿದ್ದಾರೆ.

ಹಲಗೆಯನ್ನು ಅವಳು ಹನ್ನೆರಡರಲ್ಲೂ ಕತ್ತರಿಸಿ ಹಾಕಿದಳು. ನೊರೆಯನ್ನು ಒಂದೊಂದೇ ಗುಳ್ಳೆಯಾಗಿ ಒರೆಸಿ ಅಲ್ಲಿ ಮರಳು ಬರಿಸಿದಳು. ನೀರಿಗೆ ನೀಲಿ ಕೊಟ್ಟಳು, ಎಲ್ಲಕ್ಕೂ ಒಂದೇ ನೀಲಿ, ಹನ್ನೆರಡೂ ಒಡಹುಟ್ಟಿದವರಂತೆ ಕಾಣಬೇಕಲ್ಲ. ಶುಕ್ರವಾರ ಇಡೀ ದಿನ ಬೇರೆ ಕೆಲಸ ಮುಟ್ಟಲಿಲ್ಲ. ಚಿಕ್ಕಪ್ಪ ಪರದೆ ಸರಿಸಿ ನೋಡಿ, “ಅಬ್ಬಬ್ಬಾ, ಈ ಕೆರೆಗೆ ನಾನೇ ಹಾರ್ಕೋಬೇಕು ಅನ್ನಿಸ್ತಿದೆ ಕಣೇ,” ಎಂದ. ಆಮೇಲೆ ಅಂಗಡಿಯ ಪದ್ಧತಿಯಂತೆ, ಹಳೆಯದರ ಮೇಲೆಯೇ ಹೊಸದನ್ನು ಉಳಿಸಿ, ಟೀಚರ್ ಕಾರ್ಡನ್ನು ಖಾಲಿ ಮಾಡಿ ಪುಟ್ಟ ಲಕೋಟೆಗೆ ಹಾಕಿದಳು. ಗಿರಾಕಿಗೆ ಕಾರ್ಡ್ ಕೊಡುವಾಗ ಎಂಜಲು ತಟ್ಟೆ ಕೊಡಬಾರದು ಎನ್ನುವುದು ಚಿಕ್ಕಪ್ಪನ ಇನ್ನೊಂದು ಮಾತು.

ಶನಿವಾರ ಹತ್ತೂವರೆಗೆ ಇಬ್ಬರೂ ಸೇರಿ ಹಾಲಿನ ಗೋಡೆಗೆ ಹನ್ನೆರಡನ್ನೂ ಸಾಲಾಗಿ ಹಚ್ಚಿದರು. ಜನ ಬಂದು ಕೂತರು. ದೋಣಿಯವರು, ಕೆರೆ ದಡದ ಬೀದಿಯ ಹೆಂಗಸರು, ಅಂಗಿಗೆ ಇಸ್ತ್ರಿ ಹಾಕಿದ ನಾಲ್ಕಾರು ಮಂದಿ. ಮೇಜಿನ ಹಿಂದೆ ಒಬ್ಬ ಅಧಿಕಾರಿ. ಗುಬ್ಬಿ ಕೊನೆಯ ಸಾಲಿನಲ್ಲಿ ಚಿಕ್ಕಪ್ಪನ ಪಕ್ಕ ಕೂತು ಬಾಗಿಲನ್ನೇ ನೋಡುತ್ತಿದ್ದಳು. ಟೀಚರ್ ಮುಖ ನೋಡಬೇಕಿತ್ತು. ಮೊದಲ ಕ್ಷಣದ ಮುಖ.

ಅವರು ಬಂದರು, ಕೈಯಲ್ಲಿ ಸಹಿ ಹಾಕಿಸಿದ ಹಾಳೆಗಳ ಕಟ್ಟು. ಗೋಡೆ ನೋಡಿದರು. ನಿಂತರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಒಂದನೇ ಫೋಟೋ ಹತ್ತಿರ ಹೋಗಿ ಅದರ ಎಡಮೂಲೆಯನ್ನು ಬೆರಳಿನಿಂದ ಮುಟ್ಟಿದರು. ಎರಡನೆಯದರ ಎಡಮೂಲೆ. ಮೂರನೆಯದು. ಗುಬ್ಬಿ ಕತ್ತು ಚಾಚಿ ನೋಡಿದಳು. ಇದು ಖುಷಿಯ ಮುಖ ಅಲ್ಲ.

ಅಧಿಕಾರಿ ಓದಿ ಹೇಳಿದ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ತನ್ನ ಪರವಾನಗಿಯನ್ನು ಮುಂದುವರಿಸಲು ಕೇಳಿದೆ. ಅದರ ಕೊಳವೆಯಿಂದ ಕೆರೆ ಹಾಳಾಗುತ್ತಿದೆ, ಮಕ್ಕಳ ಮೈಗೆ ಕಜ್ಜಿ, ಮೀನು ಸಾಯುತ್ತಿದೆ ಅಂತ ನಿವೃತ್ತ ಶಿಕ್ಷಕಿಯವರ ದೂರು. ಸಾಕ್ಷಿಯಾಗಿ ಹನ್ನೆರಡು ತಿಂಗಳ ಛಾಯಾಚಿತ್ರಗಳು.

ಅಧಿಕಾರಿ ತಲೆಯೆತ್ತಿ ಗೋಡೆ ನೋಡಿದ. ಹಾಲಿನ ತುಂಬ ಇದ್ದ ಜನರೂ ನೋಡಿದರು. ಹನ್ನೆರಡು ಕೆರೆ, ಹನ್ನೆರಡೂ ನೀಲಿ.

ಕಾರ್ಖಾನೆಯ ಮ್ಯಾನೇಜರ್ ಎದ್ದು ನಿಂತು ಕೈ ಮುಗಿದ. “ನನಗೆ ಮಾತೇ ಬೇಡ ಸಾರ್. ಟೀಚರಮ್ಮನೇ ನಮ್ಮ ಪರವಾಗಿ ಸಾಕ್ಷಿ ತಂದಿದ್ದಾರೆ. ಇಷ್ಟು ಚೆಂದದ ಕೆರೆ ಹಾಳಾಗಿದೆ ಅಂದ್ರೆ, ನಾವೆಲ್ಲ ಹೀಗೇ ಹಾಳಾಗೋಣ.”

ನಗು ಎದ್ದಿತು. ದೋಣಿಯವರೂ ನಕ್ಕರು, ತಡೆದುಕೊಳ್ಳಲಾಗದೆ.

“ಈ ಫೋಟೋ ನೀವೇ ತೆಗೆದದ್ದಾ?” ಎಂದು ಅಧಿಕಾರಿ ಕೇಳಿದ.

“ಹೌದು. ಆದ್ರೆ ಇವು ಅವಲ್ಲ.”

“ತೆಗೆದದ್ದು ಹೌದು, ಇವು ಅವಲ್ಲ. ಏನು ಬರ್ಕೊಳ್ಲಿ ನಾನು? ಯಾರಾದ್ರೂ ತಿದ್ದಿದ್ದಾರಾ?”

ಟೀಚರ್ ತಿರುಗಿದರು. ಕೊನೆಯ ಸಾಲಿಗೆ ನೇರವಾಗಿ ಅವರ ಕಣ್ಣು ಬಂತು. ಗುಬ್ಬಿಗೆ ಏಳಬೇಕು ಅನ್ನಿಸಿತು. ಏಳಲಿಲ್ಲ. ಚಿಕ್ಕಪ್ಪ ಅವಳ ಮೊಣಕೈ ಹಿಡಿದು, “ಉಸಿರೆತ್ತಬೇಡ,” ಎಂದು ಪಿಸುಗುಟ್ಟಿದ. ಅವಳಿಗೆ ಆ ಹಿಡಿತ ಒಂದು ಉಪಕಾರದಂತೆ ಅನ್ನಿಸಿತು. ಹಿಡಿದುಕೊಂಡಿದ್ದಾನೆ, ಅದಕ್ಕೇ ಏಳಲಾಗುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಬಹುದಿತ್ತು.

ಟೀಚರ್ ಮುಂದಕ್ಕೆ ತಿರುಗಿದರು. “ನನ್ನ ಕಡೆಯಿಂದ ತಪ್ಪಾಗಿದೆ,” ಎಂದರು. ಅಷ್ಟೇ.

“ಟೀಚರಮ್ಮನಿಗೆ ವಯಸ್ಸಾಯ್ತು ಬಿಡಿ,” ಎಂದ ಮ್ಯಾನೇಜರ್, ಬಹಳ ಮೆತ್ತಗೆ. ಆ ಮೆತ್ತಗಿನ ಮಾತೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಎರಡು ವಾರ ಟೈಮು ಕೊಟ್ಟೆ, ತಿದ್ದದ ಫೋಟೋ ತನ್ನಿ, ಇಲ್ಲವಾದರೆ ದೂರು ಮುಚ್ಚುತ್ತೇನೆ ಎಂದು ಹೇಳಿ ಅಧಿಕಾರಿ ಎದ್ದುಹೋದ. ಟೀಚರ್ ಸಹಿಯ ಹಾಳೆಗಳನ್ನು ಎದೆಗೊತ್ತಿಕೊಂಡು ಹೊರಗೆ ಹೋದರು. ಬಾಗಿಲಲ್ಲಿ ದಡದ ಬೀದಿಯ ಒಬ್ಬ ಹೆಂಗಸು, “ನಮ್ಮ ಸಹಿ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತು,” ಅಂದದ್ದು ಅವರಿಗೂ ಕೇಳಿತು, ಗುಬ್ಬಿಗೂ ಕೇಳಿತು.

ಅಂಗಡಿಗೆ ವಾಪಸ್ ಬರುವ ದಾರಿಯಲ್ಲಿ ಚಿಕ್ಕಪ್ಪನೇ ಮಾತಾಡಿದ. “ನಿನ್ನ ಕೆಲಸದಲ್ಲಿ ಒಂದು ಲೋಪ ಇಲ್ಲ. ಅದೇ ಬಂದಿರೋ ತೊಂದರೆ.” ಸ್ವಲ್ಪ ದೂರ ಹೋಗಿ, “ಯಾರಿಗೂ ಹೇಳಬೇಡ. ಅವರೂ ಹೇಳಿಲ್ಲವಲ್ಲ,” ಎಂದ.

ಅವರು ಹೇಳಲಿಲ್ಲ. ಅದನ್ನೇ ಗುಬ್ಬಿಗೆ ನುಂಗಲಾಗಲಿಲ್ಲ. ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಗುಬ್ಬಿ ಗೋಡೆ ಕಡೆ ಮುಖ ಮಾಡಿ ಎಲ್ಲ ಹೇಳಿದಳು. ಅಮ್ಮ ಪೆಡಲು ತುಳಿಯುವುದನ್ನು ನಿಲ್ಲಿಸಿ ಕೇಳಿದಳು. ಆಮೇಲೆ ಮತ್ತೆ ತುಳಿಯತೊಡಗಿ, “ಅವರು ಬೈದಿದ್ರೆ ಒಳ್ಳೇದಿತ್ತು ಅಲ್ವಾ,” ಎಂದಳು. “ಬೈಸ್ಕೊಂಡು ಬಾ, ಹೋಗು.”

ಭಾನುವಾರ ಬೆಳಿಗ್ಗೆ ಟೀಚರ್ ಮನೆಯ ಗೇಟಿನ ಹೊರಗೆ ಗುಬ್ಬಿ ಬಹಳ ಹೊತ್ತು ನಿಂತಳು. ಒಳಗೆ ಅಂಗಳದ ನಲ್ಲಿಯ ಕೆಳಗೆ ಟೀಚರ್ ಕುಕ್ಕರುಗಾಲಿನಲ್ಲಿ ಕೂತು ಏನನ್ನೋ ಬ್ರಷ್ಷಿನಿಂದ ಉಜ್ಜುತ್ತಿದ್ದರು. ಆ ಹಲಗೆ. ಬಿಳಿ, ಬೂದು, ಕಪ್ಪು. ಕೆಳಗಿನ ಅರ್ಧಕ್ಕೆ ತುಕ್ಕಿನ ಬಣ್ಣದ ಲೋಳೆ ಮೆತ್ತಿತ್ತು.

“ಚಿಲಕ ತೆಗೆಯೋಕೆ ಬರಲ್ವಾ?” ಎಂದರು ಟೀಚರ್, ತಲೆ ಎತ್ತದೆ.

ಗುಬ್ಬಿ ಒಳಗೆ ಹೋಗಿ ನಿಂತಳು. ಮನೆಯಿಂದ ಜೋಡಿಸಿಕೊಂಡು ಬಂದ ವಾಕ್ಯಗಳೆಲ್ಲ ಗೇಟಿನ ಹೊರಗೇ ಉಳಿದವು. “ನಾನೇ ಮಾಡಿದ್ದು,” ಎಂದಳು.

“ಗೊತ್ತು. ಮೂಲ ಇದೆಯಾ?”

“ಇಲ್ಲ ಟೀಚರ್. ಅದರ ಮೇಲೇ ಉಳಿಸಿದೆ.”

“ಕಾರ್ಡು?”

“ಖಾಲಿ ಮಾಡಿಬಿಟ್ಟೆ.”

ಬ್ರಷ್ ನಿಂತಿತು. ನಲ್ಲಿಯ ನೀರು ಹಲಗೆಯ ಮೇಲೆ ಸುಮ್ಮನೆ ಬೀಳುತ್ತಲೇ ಇತ್ತು. ಟೀಚರ್ ಕೈ ಚಾಚಿ ನಲ್ಲಿ ನಿಲ್ಲಿಸಿದರು.

“ಈ ಹಲಗೆ ಯಾಕೆ ಅಂತ ಗೊತ್ತಾ?”

ಗೊತ್ತು ಎನ್ನಲು ನಾಲಿಗೆ ಏಳುತ್ತಿತ್ತು. ಗುಬ್ಬಿ ಅದನ್ನು ಕಚ್ಚಿ ಹಿಡಿದಳು. “ಗೊತ್ತಿಲ್ಲ.”

“ಬಿಳಿ ಎಲ್ಲಿಟ್ರೂ ಬಿಳೀನೇ. ಫೋಟೋದಲ್ಲಿ ಈ ಬಿಳಿ ಬಿಳಿಯಾಗಿ, ಬೂದು ಬೂದಾಗಿ ಕಂಡ್ರೆ, ಪಕ್ಕದ ನೀರಿನ ಬಣ್ಣಾನೂ ಸುಳ್ಳಲ್ಲ ಅಂತ ಅರ್ಥ. ಯಾರೂ ನನ್ನ ಮಾತು ನಂಬಬೇಕಾಗಿಲ್ಲ, ಹಲಗೆ ನಂಬಿದ್ರೆ ಸಾಕು. ಇದನ್ನೇ ಹೇಳೋಕೆ ಹೊರಟಿದ್ದೆ ಅವತ್ತು.” ತಲೆ ಎತ್ತಿ ಕೇಳಿದರು, “ನೀನು ಕೆರೆ ನೋಡೇ ಇಲ್ವೇನೇ? ಈ ಊರಲ್ಲೇ ಅಲ್ವಾ ಇರೋದು?”

“ದಿನಾ ನೋಡ್ತೀನಿ, ಟೀಚರ್. ಸ್ಕ್ರೀನಲ್ಲಿ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಗುಬ್ಬಿಗೆ ಅಲ್ಲೇ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಕೆರೆ ದಡದಲ್ಲಿ ನಡೆದೇ ಅವಳು ಅಂಗಡಿಗೆ ಹೋಗುತ್ತಿದ್ದಳು. ಮೂಗು ಮುಚ್ಚಿಕೊಂಡೂ ಹೋಗಿದ್ದಳು. ಆದರೆ ಕೆರೆ ಅಂದರೆ ಅವಳ ಕಣ್ಣಿಗೆ ಬರುತ್ತಿದ್ದದ್ದು ತಾನು ಬಳಿದ ಕೆರೆಯೇ.

“ನಾನು ಬಂದು ಅಲ್ಲಿ ಹೇಳ್ತೀನಿ,” ಎಂದಳು.

“ನೀನಾ?”

ಟೀಚರ್ ಹಂಗಿಸಲಿಲ್ಲ. ನಿಜವಾಗಿ ಅನುಮಾನದಿಂದಲೇ ಕೇಳಿದರು. ಎರಡು ಸಲ ಮನೆಗೆ ಬಂದು ಖಾಲಿ ಕೈಯಲ್ಲಿ ಹೋದವರಿಗೆ ಆ ಅನುಮಾನದ ಹಕ್ಕಿತ್ತು. ಗುಬ್ಬಿ ತಲೆಯಾಡಿಸಿದಳು. ಟೀಚರ್ ನಲ್ಲಿ ತಿರುಗಿಸಿ ಮತ್ತೆ ಉಜ್ಜತೊಡಗಿದರು. ಬೈಯಲೇ ಇಲ್ಲ.

ಚಿಕ್ಕಪ್ಪನಿಗೆ ಹೇಳಿದಾಗ ಅವನು ಕೌಂಟರ್ ಮೇಲೆ ಕೈ ಬಡಿದ. “ಅಂಗಡಿ ಹೆಸರು ಏನಾಗುತ್ತೆ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ, ಕೇಳಿದ್ದೀಯಾ?” ಮೂರು ದಿನ ಅವಳ ಜೊತೆ ಮಾತು ಬಿಟ್ಟ. ಪರದೆಯಾಚೆಯಿಂದ, “ಆ ಮದುವೆ ಆಲ್ಬಮ್ ಆಯ್ತಾ ಅಂತ ಕೇಳಿ ಯಾರಾದ್ರೂ,” ಎನ್ನುತ್ತಿದ್ದ, ಅಂಗಡಿಯಲ್ಲಿ ಇನ್ಯಾರೂ ಇರದಿದ್ದರೂ. ಆದರೆ ಎರಡನೇ ಶನಿವಾರ ಬೆಳಿಗ್ಗೆ ಗುಬ್ಬಿ ಬಾಗಿಲು ದಾಟುವಾಗ ನೋಡಿದರೆ ಅವನೇ ಅಂಗಡಿಯ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟು ಚಪ್ಪಲಿ ಮೆಟ್ಟುತ್ತಿದ್ದ. “ಮಾನ ಹೋಗೋದೇ ಆದ್ರೆ ಒಳ್ಳೇ ಮಶೀನಲ್ಲಿ ಹೋಗ್ಲಿ. ಆ ಕಚೇರಿಯ ಡಬ್ಬಾ ಕಂಪ್ಯೂಟರಲ್ಲಿ ಬಣ್ಣ ಸರಿ ಕಾಣಲ್ಲ.”

ಹಾಲಿನಲ್ಲಿ ಈ ಸಲ ಇನ್ನೂ ಹೆಚ್ಚು ಜನ. ಕಳೆದ ಸಲದ ನಗು ಊರೆಲ್ಲ ಸುತ್ತಿ ಬಂದಿತ್ತು. ಗುಬ್ಬಿ ಮುಂದೆ ಹೋಗಿ ಮೇಜಿನ ಅಂಚು ಹಿಡಿದು ನಿಂತು ಹೇಳಿದಳು.

“ಜೋರಾಗಿ,” ಎಂದ ಅಧಿಕಾರಿ.

“ಟೀಚರ್ ತಪ್ಪಿಲ್ಲ. ಅವರು ತಿದ್ದಬೇಡ ಅಂದಿದ್ರು. ನಾನೇ ತಿದ್ದಿದೆ. ಹಲಗೆ ಕತ್ತರಿಸಿದೆ. ನೊರೆ ಒರೆಸಿದೆ. ಅವತ್ತು ಇಲ್ಲೇ ಕೂತಿದ್ದೆ. ಹೇಳ್ಲಿಲ್ಲ.”

ಮ್ಯಾನೇಜರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. “ನಾವು ಬಟ್ಟೆಗೆ ಬಣ್ಣ ಹಾಕೋರು ಸಾರ್. ಈಯಮ್ಮ ಕೆರೆಗೇ ಹಾಕಿದ್ದಾಳಂತೆ! ಕೆಲಸ ಬೇಕಿದ್ರೆ ನಮ್ಮಲ್ಲಿಗೆ ಬಾರಮ್ಮಾ.” ನಗು ಒಂದು ಗೋಡೆಯಿಂದ ಇನ್ನೊಂದಕ್ಕೆ ಉರುಳಿತು. ನಗು ಇಳಿಯುವವರೆಗೆ ಕಾದು ಅವನು ಕೇಳಿದ, “ಸರಿ, ನೀನು ಹೇಳೋದು ನಿಜ ಅಂತ ಏನು ಗ್ಯಾರಂಟಿ? ಹೋದ ವಾರ ಟೀಚರಮ್ಮ ಹೇಳಿಕೊಟ್ಟಿರಬಹುದಲ್ಲ?”

“ತೋರಿಸ್ತೀನಿ,” ಎಂದಳು ಗುಬ್ಬಿ.

ಟೀಚರ್ ಹಿಂದಿನ ದಿನವಷ್ಟೇ ತೆಗೆದಿದ್ದ ಒಂದು ಫೋಟೋ ಕಚೇರಿಯ ಪ್ರೊಜೆಕ್ಟರಿನಿಂದ ಗೋಡೆಯ ಪರದೆಯ ಮೇಲೆ ದೊಡ್ಡದಾಗಿ ಬಂತು. ಕೆಂಪು ನೀರು, ನೊರೆ, ಎಡಮೂಲೆಯಲ್ಲಿ ಉಜ್ಜಿ ತೊಳೆದ ಹಲಗೆ. ಗುಬ್ಬಿ ಮೌಸ್ ಹಿಡಿದಳು. ಹಿಡಿದದ್ದೇ ತಡ, ಹಲಗೆ ಹೋಯಿತು. ಗೆರೆ ನೆಟ್ಟಗಾಯಿತು. ನೊರೆ ಮರಳಾಯಿತು. ಮಸುಕು ಹರಿದು ಆಚೆ ದಡ ಮುಂದೆ ಬಂತು. ನೀರು ಕೆಂಪಿನಿಂದ ಕಂದು, ಕಂದಿನಿಂದ ಬೂದು, ಬೂದಿನಿಂದ ನೀಲಿಯಾಗುತ್ತ ಹೋಯಿತು. ಯಾರೋ ಕೆರೆಯ ತಳದಲ್ಲಿ ದೀಪ ಹಚ್ಚಿದಂತೆ. ಕೊನೆಗೆ ಒಂದು ಚಿಟಿಕೆ ಶಾರ್ಪ್. ಜೊಂಡು ಎದ್ದು ನಿಂತಿತು. ಐದು ನಿಮಿಷವೂ ಆಗಿರಲಿಲ್ಲ. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ಹೊತ್ತಿನಲ್ಲಿ ಗುಬ್ಬಿ ತಾನು ಯಾಕೆ ಬಂದದ್ದು ಅನ್ನುವುದನ್ನೇ ಮರೆತಿದ್ದಳು. ಆಕಾಶದ ಮೂಲೆಯಲ್ಲಿ ಒಂದು ಕಲೆ ಉಳಿದಿತ್ತು, ಅದನ್ನೂ ತೆಗೆದಳು. ಅದು ಯಾರಿಗೂ ಬೇಕಿರಲಿಲ್ಲ.

ಯಾರೋ ಚಪ್ಪಾಳೆ ಹೊಡೆದರು. ಆಮೇಲೆ ಹತ್ತಾರು ಜನ.

ಅವಳು ತಿರುಗಿದಾಗ ಮೊದಲು ಕಂಡದ್ದು ಟೀಚರ್. ಅವರ ಕೈಗಳು ಮಡಿಲಲ್ಲೇ ಇದ್ದವು. ಗುಬ್ಬಿಗೆ ತನ್ನ ಮುಖದಲ್ಲಿ ನಗುವಿದೆ ಎಂದು ಆಗ ಗೊತ್ತಾಯಿತು. ಅದನ್ನು ಅಳಿಸಲು ಯಾವ ಬಟನ್ನೂ ಇರಲಿಲ್ಲ. ಹಾಗೇ ನಿಂತಳು, ಆ ನಗು ಮುಖದ ಮೇಲೆಯೇ ಒಣಗುವವರೆಗೆ.

“ಭೇಷ್,” ಎಂದ ಮ್ಯಾನೇಜರ್. “ಈಗ ನೀವೇ ಹೇಳಿ ಸಾರ್. ಕೆಂಪನ್ನ ನೀಲಿ ಮಾಡಬಹುದಾದ್ರೆ, ನೀಲಿನ ಕೆಂಪು ಮಾಡೋಕೆ ಎಷ್ಟು ಹೊತ್ತು? ಇನ್ಮೇಲೆ ಫೋಟೋ ತಂದು ದೂರು ಕೊಟ್ರೆ ನಂಬೋದು ಹೇಗೆ?”

ಗುಬ್ಬಿ ಇದನ್ನು ಯೋಚಿಸಿರಲಿಲ್ಲ. ಅಧಿಕಾರಿ ಪೆನ್ನಿನ ತುದಿಯನ್ನು ಹಲ್ಲಿಗೆ ತಟ್ಟುತ್ತ ಬಹಳ ಹೊತ್ತು ಕೂತ. ಆಮೇಲೆ ಬರೆಸಿದ: ದೂರುದಾರರಿಂದ ಯಾವ ಮೋಸವೂ ನಡೆದಿಲ್ಲ. ಆದರೆ ಹನ್ನೆರಡು ಚಿತ್ರಗಳನ್ನು ಸಾಕ್ಷಿಯಾಗಿ ತೆಗೆದುಕೊಳ್ಳಲಾಗದು. ಈ ತಿಂಗಳಿಂದ ಕಚೇರಿಯ ಒಬ್ಬ ಗುಮಾಸ್ತ ಜೊತೆಗಿದ್ದು, ಹಲಗೆ ಸಮೇತ, ತಿಂಗಳಿಗೊಂದು ಫೋಟೋ ತೆಗೆಯಬೇಕು. ಒಂದು ವರ್ಷ. ಅಲ್ಲಿಯವರೆಗೆ ಪರವಾನಗಿ ಈಗಿರುವಂತೆ ನಡೆಯುತ್ತದೆ.

“ಒಂದು ವರ್ಷ,” ಎಂದರು ಟೀಚರ್, ಯಾರಿಗೂ ಅಲ್ಲ. ಅವರ ಹಿಂದೆ ಕೂತಿದ್ದ ದೋಣಿಯವನೊಬ್ಬ, “ಅಷ್ಟರಲ್ಲಿ ಇರೋ ನಾಲ್ಕು ಮೀನೂ ಕೆಂಪು ಸೀರೆ ಉಟ್ಕೊಂಡು ಹೋಗ್ತವೆ,” ಎಂದ. ಈ ಸಲ ಯಾರೂ ನಗಲಿಲ್ಲ.

ಬಾಗಿಲಲ್ಲಿ ಒಬ್ಬ ಗುಬ್ಬಿಯ ಎದುರು ಬಂದು ನಿಂತ. ಕೆರೆ ದಡದಲ್ಲಿ ಹೊಸದಾಗಿ ವಸತಿಗೃಹ ಕಟ್ಟಿಸಿದವನು. “ತಂಗೀ, ಆ ನೀಲಿ ನಮಗೂ ಬೇಕಲ್ಲಾ. ನಮ್ಮ ಇಪ್ಪತ್ತು ರೂಮಿಗೂ ಒಂದೊಂದು. ಮಾಡ್ತೀಯಾ?” ಅವಳು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ, “ಮಾಡ್ತಾಳೆ, ಮಾಡ್ತಾಳೆ, ಸೋಮವಾರ ಬನ್ನಿ,” ಎಂದ. ದಾರಿಯಲ್ಲಿ ಅವನು ಗಾದೆಯನ್ನು ತಾನೇ ತಿರುಗಿಸಿದ: “ಮಾನ ಹೋಗಿ ಗಿರಾಕಿ ಬಂತು ನೋಡು.” ಟೀಚರ್ ಅದನ್ನೂ ಕೇಳಿಸಿಕೊಂಡು ಹೋದರೋ ಇಲ್ಲವೋ ಎಂದು ಹಿಂದೆ ತಿರುಗಿ ನೋಡುವ ಧೈರ್ಯ ಗುಬ್ಬಿಗೆ ಬರಲಿಲ್ಲ.

ಮುಂದಿನ ತಿಂಗಳ ಎರಡನೇ ತಾರೀಖು ಟೀಚರ್ ಅಂಗಡಿಗೆ ಬಂದರು. ಕೌಂಟರಿನಲ್ಲಿ ಕಾರ್ಡ್ ಇಡಲಿಲ್ಲ. ಪರದೆ ಸರಿಸಿ ಒಳಗೇ ಬಂದು, ಕಾಗದದ ಸುರುಳಿಗಳ ಪಕ್ಕದ ಪೆಟ್ಟಿಗೆಯ ಮೇಲೆ ಕೂತರು, ಗುಬ್ಬಿಯ ಬೆನ್ನ ಹಿಂದೆ. ಕಂಕುಳಲ್ಲಿ ಚೀಲ, ಚೀಲದಲ್ಲಿ ಹಲಗೆ. ಗೋಡೆಯುದ್ದಕ್ಕೂ ವಸತಿಗೃಹಕ್ಕೆ ಹೋಗಬೇಕಾದ ನೀಲಿ ಕೆರೆಗಳು ಒಣಗುತ್ತಿದ್ದವು. ಅವರು ಅವನ್ನು ನೋಡಿದರು.

“ತೆಗಿ,” ಎಂದರು.

ಗುಬ್ಬಿ ಫೋಟೋ ತೆರೆದಳು. ಕುತ್ತಿಗೆಯ ಹಿಂಭಾಗದಲ್ಲಿ ಅವರ ನೋಟ ಬಿಸಿಲಿನ ಹಾಗೆ ಬಿದ್ದಿತ್ತು. ಮೌಸಿನಿಂದ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಪ್ರಿಂಟ್ ಗುಂಡಿ ಒತ್ತಲು ಮಾತ್ರ ಒಂದು ಬೆರಳು ಮುಂದೆ ಮಾಡಿದಳು.

“ತಾಳು. ಬಿಳಿ ಬಿಳಿಯಾಗಿಲ್ಲ,” ಎಂದರು ಟೀಚರ್. ಹಲಗೆಯನ್ನು ಚೀಲದಿಂದ ತೆಗೆದು ಸ್ಕ್ರೀನಿನ ಪಕ್ಕ ಹಿಡಿದರು. “ನಿನ್ನೆ ಸಂಜೆ ಬಿಸಿಲಿತ್ತು. ಎಲ್ಲಾ ಹಳದಿ ಹೊಡೀತಿದೆ. ಇದನ್ನ ಸರಿ ಮಾಡೋಕೆ ಬರುತ್ತಾ?”

“ಬರುತ್ತೆ. ಆದ್ರೆ ತಿದ್ದಬೇಡ ಅಂತ…”

“ಹಲಗೆ ಹೇಳಿದಷ್ಟು ತಿದ್ದು. ಅದಕ್ಕಿಂತ ಒಂದು ಕೂದಲೂ ಬೇಡ.”

ಗುಬ್ಬಿ ಬೂದು ಚೌಕದ ಮೇಲೆ ಒಮ್ಮೆ ಒತ್ತಿದಳು. ಹಳದಿ ಇಳಿಯಿತು. ಬಿಳಿ ಬಿಳಿಯಾಯಿತು. ಸಂಜೆಯ ಬಿಸಿಲು ಮುಚ್ಚಿಟ್ಟಿದ್ದದ್ದೆಲ್ಲ ಹೊರಬಂತು. ನೀರು ಇನ್ನೂ ಕೆಟ್ಟದಾಗಿ, ಹಸಿ ಗಾಯದ ಬಣ್ಣದಲ್ಲಿ. ಕೇಳಿ ಒಪ್ಪಿಗೆ ಪಡೆದು ಸ್ವಲ್ಪ ಶಾರ್ಪ್ ಮಾಡಿದಳು. ದಡದ ನೊರೆಯಲ್ಲಿ ಹೊಟ್ಟೆ ಮೇಲಾಗಿ ಬಿದ್ದಿದ್ದ ಬೆರಳುದ್ದದ ಮೀನುಗಳು ಕಂಡವು. ಏಳೋ ಎಂಟೋ. ಒಂದೊಂದಾಗಿ ಎಣಿಸಬಹುದಿತ್ತು. ಅವಳ ಕೈಯಲ್ಲಿ ಇಷ್ಟು ಚೆನ್ನಾಗಿ ಬಂದ ಫೋಟೋ ಬೇರೆ ಇರಲಿಲ್ಲ. ಹನ್ನೆರಡು ತಿಂಗಳಲ್ಲಿ ಹೀಗೆ ಎಷ್ಟು ಮೀನನ್ನು ತಾನು ಮರಳು ಮಾಡಿದ್ದೆ ಎಂದು ಲೆಕ್ಕ ಹಾಕಲು ಹೋಗಿ, ನಿಲ್ಲಿಸಿದಳು.

ಪ್ರಿಂಟ್ ಹೊರಬಂತು. ಟೀಚರ್ ಅದನ್ನು ಹಲಗೆಯ ಪಕ್ಕ ಹಿಡಿದು ನೋಡಿ, ಸುರುಳಿ ಸುತ್ತಿ, ಅಂಗೈ ಚಾಚಿದರು. ಗುಬ್ಬಿ ಕಾರ್ಡ್ ಕಿತ್ತು ಅಂಗೈಯಲ್ಲಿಟ್ಟಳು.

“ಖಾಲಿ ಮಾಡಿಲ್ಲ ತಾನೇ?”

“ಇಲ್ಲ, ಟೀಚರ್.”

ಅವರು ತಲೆಯಾಡಿಸಿದರು. ಆದರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಕನ್ನಡಕ ಹಣೆಗೇರಿಸಿ, ಪುಟ್ಟ ಸ್ಕ್ರೀನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಚಿಕ್ಕಪ್ಪ ಕೌಂಟರಿನಲ್ಲಿ ಕೆಮ್ಮಿ ಬೇರೆ ಕಡೆ ತಿರುಗಿದ. ಗುಬ್ಬಿ ಪರದೆಯ ಹಿಂದಕ್ಕೆ ಹೋಗಲಿಲ್ಲ. ಅವರು ನೋಡಿ ಮುಗಿಸುವವರೆಗೆ ಅಲ್ಲೇ ಬೆಳಕಿನಲ್ಲಿ ನಿಂತಿದ್ದಳು.